ಮೂರು ಸಲ ತುಂಡಾದ ಸಂದರ್ಶನ

ಹೊಸ ಕೋಟಿನ ತೋಳು ಬಿಗಿಯಾಗಿದೆ ಎಂದು ಎಕ್ಸ್‌ಚೇಂಜ್ ಅಜ್ಜಿ, ಕೋಟು ಸರಿಯಾಗಿಯೇ ಇದೆ, ತೋಳೇ ದಪ್ಪಗಾಗಿದೆ ಎಂದು ದರ್ಜಿ. ಅರ್ಧ ಗಂಟೆಯಿಂದ ಇಬ್ಬರೂ ಪಟ್ಟು ಸಡಿಲಿಸಿರಲಿಲ್ಲ. ಅಷ್ಟರಲ್ಲಿ ಬಾಗಿಲು ಮುರಿದುಹೋಗುವಂತೆ ಯಾರೋ ಬಡಿದರು. ದರ್ಜಿ ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿಗಳನ್ನು ತೆಗೆದಿಟ್ಟು ಬಾಗಿಲು ತೆರೆದ. ಮೂರನೇ ಮಹಡಿಯ ಪುಸ್ತಕ ಬೈಂಡರ್ ಮನೆಯ ಮಗಳು ನಿಂತಿದ್ದಳು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು.

"ಅಜ್ಜೀ, ನನ್ನ ಸಂದರ್ಶನ ಹಾಳಾಯ್ತು. ಮೂರು ಸಲ ನೆಟ್ ಕಟ್ ಆಯ್ತು. ನಮ್ಮ ಮನೇಲೇ ಯಾರೋ ಬೇಕೂಂತ ಮಾಡಿದ್ದಾರೆ."

"ಮೊದ್ಲು ಕೂತ್ಕೋ, ನೀರು ಕುಡಿ. ಆಮೇಲೆ ಯಾರನ್ನ ಬೇಕಾದ್ರೂ ಬಯ್ಯುವಂತೆ," ಎಂದರು ಅಜ್ಜಿ.

ಮೂವತ್ತೈದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರವರ ತಂತಿಗಳನ್ನು ಜೋಡಿಸಿ, ಬಿಡಿಸಿ ನಿವೃತ್ತರಾದವರು ಅವರು. ಈ ಕಟ್ಟಡದಲ್ಲಿ ಬೆಕ್ಕು ಕಳೆದರೂ ಲಿಫ್ಟು ಕೆಟ್ಟರೂ ಪೊಲೀಸರಿಗಿಂತ ಮೊದಲು ಎರಡನೇ ಮಹಡಿಯ ಈ ಬಾಗಿಲೇ ಜನರಿಗೆ ನೆನಪಾಗುತ್ತಿತ್ತು. ನೆಲಮಹಡಿಯಲ್ಲಿ ಅಂಗಡಿಯಿಟ್ಟಿದ್ದ ದರ್ಜಿಯಂತೂ ಅಜ್ಜಿಯ ಕೈಗೆ ಒಂದು ಪ್ರಕರಣ ಬಂತೆಂದರೆ ಶಟರನ್ನು ಅರ್ಧ ಇಳಿಸಿ ಹಿಂದೆ ಹೊರಟುಬಿಡುತ್ತಿದ್ದ. ಹೊಲಿಗೆಗೆ ಕೊಟ್ಟವರು ಬಯ್ದುಕೊಳ್ಳಲಿ, ಅವನಿಗೆ ಈ ಚಟ ಬಿಡುವ ಹಾಗಿರಲಿಲ್ಲ.

ಹುಡುಗಿ ನೀರು ಕುಡಿದು ಹೇಳತೊಡಗಿದಳು. ದೂರದ ವಸ್ತುಸಂಗ್ರಹಾಲಯದಲ್ಲಿ ಹಳೆಯ ನಕಾಶೆಗಳನ್ನು ದುರಸ್ತಿ ಮಾಡುವ ಕೆಲಸ. ಇನ್ನೂರು ಜನ ಅರ್ಜಿ ಹಾಕಿದ್ದರು, ಕರೆ ಬಂದದ್ದು ನಾಲ್ವರಿಗೆ. ಬೆಳಿಗ್ಗೆ ಹನ್ನೊಂದಕ್ಕೆ ಲ್ಯಾಪ್‌ಟಾಪಿನ ಎದುರು ಕೂತು, ಹರಿದ ಹಾಳೆಯೊಂದನ್ನು ಆಯ್ಕೆ ಸಮಿತಿಯವರ ಕಣ್ಣೆದುರೇ ಜೋಡಿಸಿ ತೋರಿಸಬೇಕಿತ್ತು.

"ಅಂಟು ಕಲಸಿ ಕುಂಚ ಎತ್ತಿದ್ದೆ ಅಷ್ಟೆ, ಎಲ್ಲಾ ಸ್ತಬ್ಧ. ಮತ್ತೆ ಸೇರ್ಕೊಂಡೆ, ಮತ್ತೆ ಕಟ್. ಮೂರನೇ ಸಲ ಆದ್ಮೇಲೆ ಅವ್ರೇ ಫೋನ್ ಮಾಡಿದ್ರು. ಇವತ್ತು ಮೂರು ಗಂಟೆಗೆ ಕೊನೇ ಅವಕಾಶವಂತೆ. ಆಗ್ಲೂ ತುಂಡಾದ್ರೆ ಬೇರೆಯವ್ರಿಗೆ ಕೊಡ್ತಾರಂತೆ."

"ಯಾರ ಮೇಲೆ ಅನುಮಾನ?"

"ಅಮ್ಮ ಅತ್ತಿಗೇನ ಅಂತಾರೆ. ನಂಗೆ..." ಹುಡುಗಿ ತಲೆ ತಗ್ಗಿಸಿದಳು. "ನಂಗೆ ಅಪ್ಪನ ಮೇಲೆ. ನಮ್ಮ ಬೈಂಡಿಂಗ್ ಅಂಗಡಿ ಇರೋವಾಗ ಪರದೇಶಿ ಥರ ಹೊರಗೆ ಯಾಕೆ ಹೋಗ್ಬೇಕು ಅಂತ ಹನ್ನೊಂದು ದಿನದಿಂದ ಮಾತೇ ಬಿಟ್ಟಿದ್ದಾರೆ."

ದರ್ಜಿ ಗಡಿಯಾರ ನೋಡಿದ. ಹನ್ನೆರಡೂವರೆಯಾಗಿತ್ತು. ಅಜ್ಜಿ ತೋಳಿನ ಜಗಳವನ್ನು ಅಲ್ಲಿಗೇ ಬಿಟ್ಟು ಆ ಕೋಟಿನಲ್ಲೇ ಮೆಟ್ಟಿಲು ಹತ್ತಿದರು.

ಮೇಲಿನ ಮನೆಯಲ್ಲಿ ಗಾಳಿಯೇ ಬಿಗಿದುಕೊಂಡಂತಿತ್ತು. ಅತ್ತಿಗೆ ಅಡುಗೆಮನೆಯ ಮೂಲೆಯಲ್ಲಿ ಮೂಗೊರೆಸಿಕೊಳ್ಳುತ್ತಿದ್ದಳು. ಅವಳ ಗಂಡ, ಅಂದರೆ ಹುಡುಗಿಯ ಅಣ್ಣ, ಬೆಳಿಗ್ಗೆ ಎಂಟಕ್ಕೇ ಅಂಗಡಿಗೆ ಹೋಗಿದ್ದ. ತಾಯಿ ಬಾಗಿಲಲ್ಲೇ ಶುರು ಹಚ್ಚಿಕೊಂಡರು.

"ನೋಡಿ ಅಮ್ಮಾ, ಒಳಗೆ ನಾದಿನಿ ಸಂದರ್ಶನ, ಇಲ್ಲಿ ಇವಳು ಆರಾಮಾಗಿ ಫೋನಲ್ಲಿ ವಿಡಿಯೋ ನೋಡ್ತಾ ಕೂತಿದ್ಳು! ನಾದಿನಿ ಹೋದ್ರೆ ಅಂಗಡಿಯ ಅಂಟಿನ ಕೆಲ್ಸ ಎಲ್ಲಾ ತನ್ನ ತಲೆಗೆ ಬರುತ್ತೆ ಅಂತ ಇವಳಿಗೆ ಹೊಟ್ಟೆಯುರಿ."

"ಹಾಗಲ್ಲ ಅತ್ತೆ! ನೋಡ್ತಿದ್ದೆ, ಸುಳ್ಳು ಹೇಳಲ್ಲ. ಅದ್ರಿಂದ ತೊಂದ್ರೆ ಆಗುತ್ತೆ ಅಂತ ಗೊತ್ತಿದ್ರೆ ಮುಟ್ತಾನೇ ಇರ್ಲಿಲ್ಲ," ಎಂದು ಅತ್ತಿಗೆ ಬಿಕ್ಕಿದಳು.

ಕಳ್ಳಿ ಸಿಕ್ಕಿಬಿದ್ದಳು ಎಂದು ದರ್ಜಿ ಮನಸ್ಸಿನಲ್ಲೇ ತೀರ್ಪು ಬರೆದುಬಿಟ್ಟ. ಅಜ್ಜಿ ಮಾತ್ರ ಅವಳ ಪಕ್ಕದಲ್ಲೇ ಸ್ಟೂಲು ಎಳೆದು ಕೂತರು.

"ನಿನ್ನ ವಿಡಿಯೋ ಮಧ್ಯೆ ಎಲ್ಲಾದ್ರೂ ನಿಂತಿತ್ತೇನಮ್ಮಾ? ಆ ಚಕ್ರ ಗರಗರ ತಿರುಗೋದು, ಅಂಥದ್ದು?"

"ಇಲ್ಲ ಅಜ್ಜಿ. ಹನ್ನೊಂದರಿಂದ ಹನ್ನೊಂದೂವರೆವರೆಗೂ ಒಂದು ಸಲಾನೂ ನಿಲ್ಲಲಿಲ್ಲ."

"ಭೇಷ್," ಎಂದರು ಅಜ್ಜಿ. ಭೇಷ್ ಯಾಕೆಂದು ದರ್ಜಿಗೆ ತಿಳಿಯಲಿಲ್ಲ.

ನಡುಮನೆಯ ಕಪಾಟಿನ ಮೇಲೆ ನೆಟ್ಟಿನ ಪೆಟ್ಟಿಗೆಯಿತ್ತು. ಅದರ ಹಸಿರು ದೀಪಗಳು ನೆಟ್ಟಗೆ ಉರಿಯುತ್ತಿದ್ದವು. ಅದರ ಪ್ಲಗ್ಗಿನ ಮೇಲೆ ಕೂತ ಧೂಳಿಗೆ ಒಂದು ಬೆರಳಿನ ಗುರುತೂ ಇರಲಿಲ್ಲ. ಅಜ್ಜಿ ಕನ್ನಡಕ ಏರಿಸಿ ಅದನ್ನೇ ನೋಡಿ, ಹುಡುಗಿಯ ಕೋಣೆಗೆ ಹೋದರು. ಮೇಜಿನ ಮೇಲೆ ಇಟ್ಟಿಗೆಯಂಥ ಹಳೆಯ ಲ್ಯಾಪ್‌ಟಾಪು, ಅಂಟಿನ ಬಟ್ಟಲು, ಕುಂಚ, ಒಂದು ಬಾಟಲಿ ನೀರು.

"ನೆಟ್ ಹೋಗೋ ಮುಂಚೆ ಏನಾದ್ರೂ ವಿಚಿತ್ರ ಕಾಣಿಸ್ತಾ? ಚಿಕ್ಕದಾದ್ರೂ ಪರವಾಗಿಲ್ಲ."

ಹುಡುಗಿ ಯೋಚಿಸಿದಳು. "ಪರದೆ ಮೇಲಿನ ಅಕ್ಷರ ಇದ್ದಕ್ಕಿದ್ದಂಗೆ ದೊಡ್ಡದಾಗ್ತಿತ್ತು ಅಜ್ಜಿ. ಸ್ವಲ್ಪ ಹೊತ್ತಿಗೆ ಎಲ್ಲಾ ನಿಂತುಹೋಗ್ತಿತ್ತು. ಮೂರು ಸಲಾನೂ ಹಾಗೇ."

"ಇಯರ್‌ಫೋನ್ ಹಾಕ್ಕೊಂಡಿದ್ಯಾ?"

"ಹೂಂ, ವೈರಿಂದು."

"ಈ ನೀರು ಯಾರಿಟ್ರು?"

"ನಾನು ಮುಖ ತೊಳೆಯೋಕೆ ಹೋದಾಗ ಅಪ್ಪ ಇಟ್ಟುಹೋದ್ರಂತೆ, ಅಮ್ಮ ಹೇಳಿದ್ರು. ಮಾತಾಡದವ್ರು ನೀರು ಯಾಕಿಟ್ರೋ!"

ಯಜಮಾನರ ಕೋಣೆಯ ಬಾಗಿಲು ಎರಡು ಸಲ ತಟ್ಟಿದ ಮೇಲೆ ತೆರೆಯಿತು. ಕಿಟಕಿಗೆ ಪರದೆ ಎಳೆದಿತ್ತು. ಬೆಳಗಿನಿಂದ ತಲೆನೋವು, ಮಲಗಿದ್ದೆ ಎಂದರು ಬೈಂಡರ್. ಆದರೆ ಹಾಸಿಗೆಯ ಹೊದಿಕೆಯಲ್ಲಿ ಒಂದು ಸುಕ್ಕೂ ಇರಲಿಲ್ಲ. ದರ್ಜಿಯ ಕಣ್ಣು ರೂಢಿಯಂತೆ ಬಟ್ಟೆಯ ಮೇಲೆ ಹೋಯಿತು. ಕಳೆದ ವರ್ಷ ತಾನೇ ಹೊಲಿದುಕೊಟ್ಟ ಬಿಳಿ ಅಂಗಿ, ಗರಿಗರಿ ಇಸ್ತ್ರಿ, ಕತ್ತಿನ ಗುಂಡಿಯವರೆಗೂ ಹಾಕಿತ್ತು. ಕೆಳಗೆ ಮಾತ್ರ ಮೊಣಕಾಲು ಜೋತುಬಿದ್ದ ಹಳೇ ಪೈಜಾಮ. ದರ್ಜಿ ಅಜ್ಜಿಯ ಕಿವಿಯಲ್ಲಿ ಅದನ್ನೇ ಪಿಸುಗುಟ್ಟಿದ. ಅಜ್ಜಿ ಗೋಡೆಯ ಟಿವಿಯ ಬೆನ್ನಿಗೆ ಅಂಗೈ ಇಟ್ಟು ನೋಡಿದರು.

"ಎಲ್ರೂ ಮಗಳ ಕೋಣೆಗೆ ಬನ್ನಿ," ಎಂದರು. "ಟೈಲರ್ರೇ, ನೀವು ಇಲ್ಲೇ ಇರಿ. ನಾನು ಕೂಗಿದಾಗ ಈ ಟಿವಿ ಹಾಕಿ, ಆಮೇಲೆ ಓಡಿ ಬನ್ನಿ."

ಕೂಗು ಬಂದಾಗ ಅವನು ಟಿವಿ ಹಾಕಿ ಓಡಿದ. ಲ್ಯಾಪ್‌ಟಾಪಿನಲ್ಲಿ ಅಜ್ಜಿ ಯಾವುದೋ ನೇರಪ್ರಸಾರ ಹಚ್ಚಿಟ್ಟಿದ್ದರು. ಎಲ್ಲರೂ ನೋಡುತ್ತಿದ್ದಂತೆ ಪರದೆ ಒಮ್ಮೆ ಮಿಟುಕಿ ಅಕ್ಷರಗಳು ಉಬ್ಬಿದವು. ಪ್ರಸಾರ ತಡವರಿಸಿತು, ತುಂಡುತುಂಡಾಯಿತು, ಕೊನೆಗೆ ನಿಂತೇಹೋಯಿತು.

"ಅಯ್ಯೋ, ಇದೇ! ಹೀಗೇ ಆಗಿದ್ದು!" ಹುಡುಗಿ ಚೀರಿದಳು.

"ಈಗ ಒಂದೊಂದೇ ಹೇಳ್ತೀನಿ, ಯಾರೂ ನಡುವೆ ಬಾಯಿ ಹಾಕ್ಬೇಡಿ. ಮೊದಲ್ನೇದು, ಸೊಸೆ ವಿಡಿಯೋ ನೋಡ್ತಿದ್ಳು ಅನ್ನೋದನ್ನೇ ನೀವು ಅಪರಾಧಕ್ಕೆ ಸಾಕ್ಷಿ ಅಂದ್ರಿ. ಅದು ಒಂದು ಸಲಾನೂ ನಿಲ್ಲದೆ ಓಡಿದ್ದೇ ಅವಳು ನಿರಪರಾಧಿ ಅನ್ನೋದಕ್ಕೆ ಸಾಕ್ಷಿ. ಮನೆಯ ನೆಟ್ಟೇ ಸಾಲದೆ ಹೋಗಿದ್ರೆ ಅವಳ ವಿಡಿಯೋನೂ ನಿಲ್ಲಬೇಕಿತ್ತು. ಪ್ಲಗ್ಗನ್ನ ಯಾರೂ ಮುಟ್ಟಿಲ್ಲ ಅಂತ ಧೂಳೇ ಹೇಳುತ್ತೆ. ಅಂದ್ರೆ ನೆಟ್ ಹೋಗಿರ್ಲಿಲ್ಲ, ಈ ಲ್ಯಾಪ್‌ಟಾಪ್ ಒಂದಕ್ಕೇ ಕೈ ಕೊಟ್ಟಿತ್ತು."

ತಾಯಿ ಸೊಸೆಯತ್ತ ಕಳ್ಳನೋಟ ಬೀರಿದರು.

"ಎರಡ್ನೇದು, ಅಕ್ಷರ ದೊಡ್ಡದಾಗಿದ್ದು. ಲ್ಯಾಪ್‌ಟಾಪಿನ ಚಿತ್ರಾನ ತಂತಿಯಿಲ್ದೆ ಟಿವಿಗೆ ಕಳಿಸಿದ್ರೆ ಅದು ಟಿವಿಯ ಅಳತೆಗೆ ಹೊಂದ್ಕೊಳ್ಳುತ್ತೆ, ಅದಕ್ಕೇ ಅಕ್ಷರ ಬದಲಾಗುತ್ತೆ. ಈ ಹಳೇ ಲ್ಯಾಪ್‌ಟಾಪಿಗೆ ಗಾಳೀಲಿ ಮಾತಾಡೋಕೆ ಇರೋದು ಒಂದೇ ಬಾಯಿ. ಆ ಕಡೆ ಟಿವಿಗೆ ಚಿತ್ರ ಕಳಿಸ್ತಾ ಈ ಕಡೆ ನೆಟ್ಟಿನ ಪೆಟ್ಟಿಗೆ ಜೊತೆ ಮಾತಾಡು ಅಂದ್ರೆ ಎರಡೂ ಕೆಡುತ್ತೆ. ಎಕ್ಸ್‌ಚೇಂಜಲ್ಲಿ ಒಬ್ಬಳೇ ಹುಡುಗಿ ಇಬ್ಬರ ಕರೆ ಹಿಡಿದ್ರೆ ಹಿಂಗೇ ಆಗ್ತಿತ್ತು."

"ಆದ್ರೆ ನಾನು ಟಿವಿಗೆ ಕಳಿಸೇ ಇಲ್ವಲ್ಲ ಅಜ್ಜಿ?"

"ನೀನಲ್ಲ. ನೀರು ತಂದಿಟ್ಟವ್ರು. ಟಿವಿ ಕಂಡ ಕೂಡ್ಲೇ ತಾನಾಗೇ ಸೇರ್ಕೋ ಅಂತ ಇದಕ್ಕೆ ಹೇಳಿ ಹೋದ್ರು. ಆಮೇಲೆ ಒಳಗೆ ಟಿವಿ ಹಾಕಿದಾಗೆಲ್ಲ ನಿನ್ನ ಕರೆ ಬಿತ್ತು. ದನಿ ನಿನ್ನ ಇಯರ್‌ಫೋನಿಗೇ ಹೋಗ್ತಿದ್ದರಿಂದ ಟಿವಿಲಿ ಸದ್ದಾಗ್ಲಿಲ್ಲ, ಯಾರಿಗೂ ತಿಳೀಲಿಲ್ಲ. ಚಿತ್ರ ಹೋಯ್ತಲ್ಲಾ ಅಂತ ಅವ್ರು ಆರಿಸಿ ಹಾಕಿದ್ರು, ಮತ್ತೆ ಬಿತ್ತು. ಆಮೇಲೂ ಕಾಯ್ತಾ ಹಾಕೇ ಇಟ್ಟಿದ್ರು, ಅದಕ್ಕೇ ಆಗ ನಾನು ಮುಟ್ಟಿದಾಗ ಆ ಟಿವಿ ಬೆನ್ನು ಬೆಚ್ಚಗಿತ್ತು."

ಎಲ್ಲರ ಕಣ್ಣೂ ಬೈಂಡರ್ ಮೇಲೆ ಬಿತ್ತು. ಅವರು ನೆಲ ನೋಡುತ್ತ ನಿಂತಿದ್ದರು.

"ಅಂದ್ರೆ ಬೇಕೂಂತಲೇ ಹಾಳು ಮಾಡಿದ್ರಾ ಅಪ್ಪಾ?" ಮಗಳ ದನಿ ನಡುಗಿತು.

"ತಡಿಯೇ, ಅವಸರದ ಬುದ್ಧಿ!" ಅಜ್ಜಿ ಗದರಿದರು. "ಹಾಳು ಮಾಡೋನು ಪ್ಲಗ್ ಕೀಳ್ತಾನೆ, ಎರಡು ಕ್ಷಣದ ಕೆಲ್ಸ. ಕತ್ತಲು ಮಾಡ್ಕೊಂಡು ಟಿವಿ ಮುಂದೆ ಕೂರಲ್ಲ, ಇಸ್ತ್ರಿ ಅಂಗಿ ಹಾಕ್ಕೊಳ್ಳಲ್ಲ. ಈ ಅಂಗಿ ಗುರುತು ಹಿಡಿದಿದ್ದು ನಮ್ಮ ಟೈಲರ್ರು. ಸೊಂಟದ ಮೇಲೆ ಶುಭ್ರ, ಕೆಳಗೆ ಪೈಜಾಮ. ಹೀಗೆ ತಯಾರಾಗೋರು ಯಾರು? ಸಂದರ್ಶನಕ್ಕೆ ಕೂರೋರು! ಯಜಮಾನ್ರೇ, ಇನ್ನು ನೀವೇ ಹೇಳಿ."

ಬೈಂಡರ್ ಅಂಗಿಯ ಮೇಲಿನ ಗುಂಡಿ ಬಿಚ್ಚಿದರು, ಮತ್ತೆ ಹಾಕಿಕೊಂಡರು.

"ಅವಳ ಕೈ ನೋಡ್ಬೇಕಿತ್ತು," ಎಂದರು ತಡೆದು ತಡೆದು. "ಮಾತು ಕೇಳದಿದ್ರೂ ಪರವಾಗಿಲ್ಲ ಅನ್ಕೊಂಡೆ. ಏಳು ವರ್ಷದವಳಿದ್ದಾಗಿಂದ ಅಂಟು ಹಚ್ಚೋದು ಕಲಿಸಿದೀನಿ. ಅಷ್ಟು ದೊಡ್ಡೋರ ಮುಂದೆ ಆ ಕೈ ಹೆಂಗೆ ಆಡುತ್ತೆ ನೋಡೋ ಆಸೆ. ಬೇಡ ಬೇಡ ಅಂತ ಕೂಗಾಡಿದವ್ನು ನೋಡ್ತೀನಿ ಅಂತ ಹೆಂಗೆ ಕೇಳ್ಲಿ? ಹಿಂದೊಂದ್ಸಲ ಮದುವೆ ಫೋಟೋ ಟಿವಿಗೆ ಹಾಕಿದ್ಳಲ್ಲ, ಆಗ ಏನೇನು ಒತ್ತಿದ್ಳು ಅಂತ ಚೀಟಿಲಿ ಬರ್ಕೊಂಡಿದ್ದೆ. ನನ್ನಿಂದಲೇ ಹೀಗಾಗ್ತಿದೆ ಅಂತ ದೇವರಾಣೆ ಗೊತ್ತಿರ್ಲಿಲ್ಲ ಕಣಮ್ಮಾ."

ಮಗಳ ಕಣ್ಣಲ್ಲಿ ಮತ್ತೆ ನೀರು ಬಂತು. ತಾಯಿ ಸೆರಗಿನಿಂದ ಸೊಸೆಯ ಕೆನ್ನೆ ಒರೆಸಿ, "ನನ್ನ ನಾಲಿಗೆಗೆ ಎಲುಬಿಲ್ಲ ಕಣೇ, ಮನಸ್ಸಿಗೆ ಹಚ್ಕೋಬೇಡ," ಎಂದರು.

"ಟಿವಿ ಹಾಕೋದೇ ಬೇಡ ಇನ್ನು. ನಾನು ಅಂಗಡಿಗೆ ಹೋಗಿರ್ತೀನಿ," ಎಂದು ಬೈಂಡರ್ ಹೊರಟರು.

"ಎಲ್ಲಿಗೆ? ಕೂತ್ಕೊಳ್ಳಿ!" ಅಜ್ಜಿಯ ದನಿ ಎಕ್ಸ್‌ಚೇಂಜಿನ ಮೇಲ್ವಿಚಾರಕಿಯದಾಯಿತು. "ಬಾಯಿ ಒಂದೇ ಇದ್ರೆ ಕೆಲಸ ಹಂಚ್ಬೇಕು. ಟೈಲರ್ರೇ, ನನ್ನ ಮಂಚದ ಕೆಳಗೆ ಒಂದು ಸುರುಳಿ ನೆಟ್ ಕೇಬಲ್ ಇದೆ, ತನ್ನಿ."

ದರ್ಜಿ ಎರಡೆರಡು ಮೆಟ್ಟಿಲು ಹಾರಿ ತಂದ. ನಡುಮನೆಯ ಪೆಟ್ಟಿಗೆಯಿಂದ ಗೋಡೆಯಂಚಿಗೆ ಕೇಬಲ್ ಎಳೆದು ಲ್ಯಾಪ್‌ಟಾಪಿನ ಪಕ್ಕದ ತೂತಿಗೆ ಸಿಕ್ಕಿಸಿದರು. ನೆಟ್ ಇನ್ನು ತಂತಿಯಲ್ಲಿ ಬರುತ್ತದೆ, ಗಾಳಿ ಪೂರ್ತಿ ಟಿವಿಗೆ ಎಂದರು ಅಜ್ಜಿ. ಟಿವಿ ಹಾಕಿದರು. ಅಕ್ಷರ ಉಬ್ಬಿತು. ಪ್ರಸಾರ ಮಾತ್ರ ನಿಲ್ಲಲಿಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಅರ್ಧ ಗಂಟೆ ಪರೀಕ್ಷೆ ಮಾಡಿದರು. ಒಮ್ಮೆಯೂ ತಡವರಿಸಲಿಲ್ಲ. ದರ್ಜಿ ಖುಷಿಗೆ ಚಪ್ಪಾಳೆ ತಟ್ಟಿಬಿಟ್ಟ.

ಮೂರು ಗಂಟೆಗೆ ಯಜಮಾನರ ಕೋಣೆಯಲ್ಲಿ ಐದು ಜನ ಮಂಚದ ಮೇಲೆ ಸಾಲಾಗಿ ಕೂತರು. ಟಿವಿಯಲ್ಲಿ ದನಿಯಿರಲಿಲ್ಲ. ಒಂದು ಮೂಲೆಯಲ್ಲಿ ಸಮಿತಿಯ ಮೂವರ ಮುಖ, ಉಳಿದಂತೆ ಪರದೆ ತುಂಬ ಹುಡುಗಿಯ ಎರಡು ಕೈ. ಅವಳು ಹರಿದ ಅಂಚುಗಳನ್ನು ಕೂಡಿಸಿ ಕುಂಚವನ್ನು ಅಂಟಿಗೆ ಅದ್ದಿ, ಎತ್ತಿ, ಅನುಮಾನಿಸಿ ನಿಂತಳು.

"ಗಟ್ಟಿಯಾಯ್ತು. ನೀರು ಹಾಕು, ನೀರು ಹಾಕಮ್ಮಾ," ಎಂದು ಬೈಂಡರ್ ಗೊಣಗಿದರು.

ಅವಳು ನೀರು ಹಾಕಿದಳು. ಬೈಂಡರ್ ತೊಡೆ ತಟ್ಟಿಕೊಂಡರು. ತೆಳುವಾದ ಕಾಗದದ ಪಟ್ಟಿ ಹರಿದ ಗೆರೆಯ ಮೇಲೆ ಕೂತಿತು, ಅವಳು ಹಾಳೆಯನ್ನು ಬೆಳಕಿಗೆ ಎತ್ತಿ ಹಿಡಿದಳು. ಹರಿದದ್ದು ಎಲ್ಲಿ ಎಂದು ದರ್ಜಿ ಹುಡುಕಿದ, ಸಿಗಲಿಲ್ಲ. ಹೊಲಿಗೆಯಲ್ಲಿ ತನಗೆ ಇಷ್ಟು ನಯ ಬಂದಿಲ್ಲವಲ್ಲ ಎಂದು ಅವನಿಗೆ ನಾಚಿಕೆಯೇ ಆಯಿತು. ಮೂಲೆಯಲ್ಲಿದ್ದ ಮೂವರಲ್ಲಿ ಒಬ್ಬರು ಎದ್ದುನಿಂತು ಚಪ್ಪಾಳೆ ತಟ್ಟುವುದು ಕಾಣಿಸಿತು.

ಸ್ವಲ್ಪ ಹೊತ್ತಿಗೆ ಬಾಗಿಲು ಧಡಾರನೆ ತೆರೆಯಿತು. "ಆಯ್ತು! ಕೆಲಸ ನನಗೇ ಅಂತೆ! ಈಗ್ಲೇ ಹೇಳಿಬಿಟ್ರು!" ಅತ್ತಿಗೆ ಎಲ್ಲರಿಗಿಂತ ಮೊದಲು ಓಡಿ ಅವಳನ್ನು ತಬ್ಬಿದಳು. ತಾಯಿ ನಗುತ್ತಲೇ ಅತ್ತರು. ಅಜ್ಜಿ ಗೆದ್ದ ಸೇನಾಪತಿಯ ಠೀವಿಯಲ್ಲಿ ಎರಡೂ ಕೈ ಮೇಲೆತ್ತಿದಾಗ ಹೊಸ ಕೋಟಿನ ಕಂಕುಳು ಪರ್ರೆಂದಿತು. ದರ್ಜಿಯೊಬ್ಬನೇ ಅದನ್ನು ಗಮನಿಸಿ, ತೋಳು ಬಿಗಿಯೇ ಎಂದು ಮನಸ್ಸಿನಲ್ಲೇ ಒಪ್ಪಿಕೊಂಡ.

ಬೈಂಡರ್ ಎಲ್ಲರಿಗಿಂತ ಕೊನೆಗೆ ಮಗಳ ಹತ್ತಿರ ಬಂದರು. ಅವಳ ಬಲಗೈ ಹಿಡಿದು ಬೆರಳಿನ ಸಂದಿಯಲ್ಲಿ ಒಣಗಿದ್ದ ಅಂಟನ್ನು ತಮ್ಮ ಉಗುರಿನಿಂದ ಮೆಲ್ಲಗೆ ಕೆರೆದು ತೆಗೆದರು.

"ಎಡಗಡೆ ಅಂಚಿಗೆ ಒಂಚೂರು ಜಾಸ್ತಿ ಹಚ್ಚಿದೆ," ಎಂದರು.

"ಹೂಂ ಅಪ್ಪಾ, ನಂಗೂ ಗೊತ್ತಾಯ್ತು."

"ಅವ್ರಿಗೆ ಗೊತ್ತಾಗ್ಲಿಲ್ಲ, ಬಿಡು." ಅವರು ಅವಳ ಕೈ ಬಿಡಲಿಲ್ಲ. "ಯಾವತ್ತು ಹೊರಡ್ಬೇಕಂತೆ? ನಿನ್ನ ಸಾಮಾನು ನಾನೇ ಹೊತ್ಕೊಂಡು ಬರ್ತೀನಿ."