ಗೌರವ್ವನ ಬಾವಿಯ ನೀರು

"ಏ ಹುಡುಗಿ, ತಡಿ! ಅದನ್ನ ಎಲ್ಲಿ ಚೆಲ್ಲಾಕ ಹೊಂಟಿ?"

ಆಯಿ ಕೂಗಿದ ರಭಸಕ್ಕೆ ಮೊಮ್ಮಗಳು ರಾಜಮತಿಯ ಕೈಯಲ್ಲಿದ್ದ ತಂಬಿಗೆ ಬೀಳುವುದೊಂದು ಬಾಕಿ.

"ನಮ್ಮ ಬಾವಿಗಿ, ಆಯಿ. ನೀರು ಸೋಸಿದ ಅರಿವಿ ತೊಳದೇನಿ. ಅದರಾಗ ಸಣ್ಣ ಸಣ್ಣ ಜೀವ ಇರ್ತಾವಂತ ನೀನ ಹೇಳಿದ್ದೆಲ್ಲ?"

"ನೀರು ಯಾರ ಬಾವೀದು?"

"ಬಾಜೂ ಮನಿ ಗೌರವ್ವ ಅತ್ತೀದು."

"ಮತ್ತ? ಬ್ಯಾರೆ ನೀರಾಗ ಅವು ಬದುಕ್ತಾವೇನ? ಅಲ್ಲೇ ಬಿಟ್ಟು ಬಾ."

ಅದು ೧೯೨೬ನೇ ಇಸವಿ. ಅಪ್ಪ ಮುಂಬಯಿಯ ಗಿರಣಿ ಕೆಲಸ ಬಿಟ್ಟು, ತಾನು ಹುಟ್ಟಿ ಬೆಳೆದ ಖಾನಾಪುರಕ್ಕೆ ಎಲ್ಲರನ್ನೂ ಕರೆತಂದು ಎಂಟು ದಿನವಾಗಿತ್ತು. ಹತ್ತು ವರ್ಷ ಬಳಸದ ಬಾವಿ, ನಿನ್ನೆ ಹೂಳು ತೆಗೆಸಿದ್ದಕ್ಕೆ ನೀರೆಲ್ಲ ರಾಡಿ. ಅಪ್ಪ ಅವ್ವ ಸಾಮಾನು ತರಲು ಬೆಳಗಾವಿಗೆ ಹೋಗಿದ್ದರು. ಹಾಗಾಗಿ ಇವತ್ತು ನೀರಿನ ಕೆಲಸ ರಾಜಮತಿಯದು. ಮುಂಬಯಿಯಲ್ಲಾದರೆ ನಳಕ್ಕೆ ಬಟ್ಟೆ ಕಟ್ಟಿದರೆ ಮುಗಿಯಿತು. ಇಲ್ಲಿ ನೋಡಿ, ಎಷ್ಟು ಫಜೀತಿ!

ಹೊತ್ತು ಹಂಚಿನ ಮಟ್ಟಕ್ಕೆ ಇಳಿದಿತ್ತು. ಜೈನರ ಮನೆಯ ಆಯಿ, ಹೊತ್ತು ಮುಳುಗಿದ ಮೇಲೆ ಒಂದು ಗುಟುಕು ನೀರನ್ನೂ ಮುಟ್ಟುವವಳಲ್ಲ. ಮಧ್ಯಾಹ್ನದಿಂದ ಧೂಳು ಹೊಡೆದು ಹೊಡೆದು ಅವಳ ಗಂಟಲು ಒಣಗಿತ್ತು.

"ಮೊದಲ ನೀ ಕುಡದ ಬಿಡು, ಆಯಿ. ಆಮ್ಯಾಲ ಹೋಗ್ತೀನಿ."

"ಅವು ಮನಿ ಮುಟ್ಟೂತನಕಾ ನಾ ಹ್ಯಾಂಗ ಕುಡೀಲಿ? ಓಡು!"

ರಾಜಮತಿ ಓಡಿದಳು. ಗೌರವ್ವ ಬಾವಿಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು.

"ಏನವಾ ಮುಂಬಯಿ ಬಾಯಿ, ನೀರು ವಾಪಸ್ ತಂದ್ಯಾ? ನಮ್ಮ ನೀರು ಸೇರ್ಲಿಲ್ಲೇನು?"

"ನೀರಲ್ಲ ಅತ್ತಿ. ಇವು ನಿಮ್ಮ ಬಾವಿ ಜೀವ. ಬಿಡಾಕ ಬಂದೇನಿ."

"ಹಂಗಾರ ಮ್ಯಾಲಿಂದ ಒಗದು ಓಡು. ಹೊತ್ತು ಮುಳಗಾಕ ಬಂತು, ನಿಮ್ಮ ಆಯಿ ಕಾಯ್ಕೋತ ಕುಂತಿರ್ತಾಳ."

ರಾಜಮತಿ ತಂಬಿಗೆ ಬಗ್ಗಿಸಲು ಹೋದಳು. ಅಬ್ಬಾ, ಎಷ್ಟು ಆಳ! ಊರಿಗೆ ಬಂದ ದಿನ ರೈಲಿನ ಎತ್ತರದ ಮೆಟ್ಟಿಲಿನಿಂದ ಅಪ್ಪ ತನ್ನನ್ನು ಎತ್ತಿ ಮೆಲ್ಲಗೆ ಇಳಿಸಿದ್ದು ನೆನಪಾಯಿತು. ತಂಬಿಗೆಯ ಕೊರಳಿಗೆ ಹಗ್ಗ ಕಟ್ಟಿ ಮೊಳ ಮೊಳವಾಗಿ ಬಿಟ್ಟಳು. ಅದು ನೀರು ಮುಟ್ಟಿದ ಮೇಲೆಯೇ ಹಗ್ಗ ಅಲುಗಿಸಿ ಮಗುಚಿದಳು.

ಮನೆಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಆಯಿ ತನ್ನ ಲೋಟವನ್ನು ಬೋರಲು ಹಾಕಿ ಕೂತಿದ್ದಳು.

ರಾಜಮತಿಗೆ ಅಳುವೇ ಬಂತು. "ಮ್ಯಾಲಿಂದ ಒಗದಿದ್ರ ನೀ ಕುಡೀತಿದ್ದಿ."

"ಒಗೀಲಿಲ್ಲಲ್ಲ?"

"ಇಲ್ಲ. ಹಗ್ಗ ಕಟ್ಟಿ ಸಾವಕಾಶ ಇಳಿಸಿದೆ."

"ತಗೋ, ನನ್ನ ಅರ್ಧ ನೀರಡಿಕಿ ಹೋತು!" ಆಯಿ ನಕ್ಕಳು. ಲೋಟ ಎತ್ತಿ ನೀರು ತುಂಬಿ ಮೊಮ್ಮಗಳ ಮುಂದೆ ಹಿಡಿದಳು. "ನೀ ಕುಡಿ. ನಿನಗ ಈ ನೇಮ ಇನ್ನೂ ಇಲ್ಲ."

ಓಡಿ ಬಂದ ರಾಜಮತಿಗೆ ಕೊಡವನ್ನೇ ಎತ್ತಿ ಕುಡಿಯುವಷ್ಟು ಬಾಯಾರಿಕೆ. ಆದರೂ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಹನಿಯೂ ಚೆಲ್ಲದಂತೆ, ಗುಟುಕು ಗುಟುಕಾಗಿ ಕುಡಿದಳು.