ಕೌಂಟರ್ ಪಕ್ಕದ ಲಿಲ್ಲಿ

ಯೋಗೀಶ್ ಎರಡು ಬೆರಳನ್ನು ಕುಂಡದ ಮಣ್ಣಿಗೆ ಇಳಿಸಿ ಸುಮ್ಮನೆ ಕೂತ. ನಾಡಿ ಹಿಡಿದ ಪಂಡಿತರು ಮಾತು ನಿಲ್ಲಿಸುತ್ತಾರಲ್ಲ, ಹಾಗೆ. ಕೌಂಟರಿನ ಹಿಂದೆ ಅಪರ್ಣಾಳ ಕೈಯಲ್ಲಿದ್ದ ಬಿಲ್ಲು ಅರ್ಧಕ್ಕೇ ನಿಂತಿತು.

"ಪುನಃ ಒದ್ದೆ," ಅಂದ. "ಇದಕ್ಕೆ ನೀರು ಯಾರು ಹಾಕುದು ಮೇಡಂ?"

"ನನಗೆಂಥ ಗೊತ್ತು? ನಾನು ಬಿಲ್ಲು ನೋಡುವವಳು. ಗಿಡ ನೋಡುವವರು ನೀವು."

"ಗಿಡ ಮಾತ್ರ ನಿಮ್ಮನ್ನೇ ನೋಡ್ತಾ ಉಂಟು."

ನಿಜವೇ. ಪೀಸ್ ಲಿಲ್ಲಿಯ ಎಲೆಗಳೆಲ್ಲ ಕೌಂಟರಿನ ಕಡೆಗೇ ಜೋತುಬಿದ್ದಿದ್ದವು. ಅಪರ್ಣಾ ಮುಖ ತಗ್ಗಿಸಿ, ಇಲ್ಲದ ಚಿಲ್ಲರೆಯನ್ನು ಡ್ರಾವರಿನಲ್ಲಿ ಹುಡುಕಿದಳು.

ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ಐದು ನಿಮಿಷದ ದಾರಿಯಲ್ಲಿ ಅವಳ ಅಣ್ಣ ರಮಾಕಾಂತನ ಹೋಟೆಲು. ಮೊನ್ನೆ ಮೊನ್ನೆ ಮಾಡಿಸಿದ ಎಸಿ ರೂಮಿಗೆ ಹನ್ನೊಂದು ಕುಂಡ ಬಾಡಿಗೆಗೆ ಬಂದಿದ್ದವು, ಮೂರು ಸ್ಟೇಷನ್ ಆಚೆ ಶಹಾಡ್‌ನಲ್ಲಿರುವ ಯೋಗೀಶನದೇ ಸಣ್ಣ ನರ್ಸರಿಯಿಂದ. ಗಿಡಗಳು ಚೆನ್ನಾಗಿದ್ದರೆ ಅವನು ಹದಿನೈದು ದಿನಕ್ಕೊಮ್ಮೆ, ಮಂಗಳವಾರ, ಬರುತ್ತಿದ್ದ. ಗಿಡಕ್ಕೆ ಹುಷಾರಿಲ್ಲ ಅಂತ ಫೋನು ಹೋದರೆ ಮರುದಿನವೇ ಹಾಜರು.

ಅದನ್ನು ಅಪರ್ಣಾ ಗಮನಿಸಿದ್ದಳು.

ಏಳು ವರ್ಷದ ಹಿಂದೆ ಮದುವೆ ಮುರಿದು, ನೆರೂಳಿನ ಗಂಡನ ಮನೆಯಿಂದ ಒಂದು ಸೂಟ್‌ಕೇಸ್ ಹಿಡಿದು ಬಂದವಳು ಅವಳು. ಬಂದ ವಾರವೇ ಅಣ್ಣ ಕೌಂಟರಿಗೆ ಕೂರಿಸಿದ. ಅಂದಿನಿಂದ ಜನ ಅವಳನ್ನು ಕೇಳಿದ್ದೆಲ್ಲ ಚಿಲ್ಲರೆ, ಟೂತ್‌ಪಿಕ್, ಬಾತ್‌ರೂಮ್ ಎಲ್ಲಿ ಅಂತ. ಯೋಗೀಶ್ ಮಾತ್ರ ಮೊದಲ ದಿನವೇ, "ಈ ಎಸಿ ಗಾಳಿ ಸೀದಾ ನಿಮ್ಮ ತಲೆಗೇ ಬೀಳ್ತದಲ್ಲ, ನೋವಾಗುದಿಲ್ವಾ?" ಎಂದು ಕೇಳಿ, ಸ್ಟೂಲು ಹತ್ತಿ ಅದರ ರೆಕ್ಕೆಯನ್ನು ಆಚೆ ತಿರುಗಿಸಿದ್ದ. "ಗಿಡಕ್ಕೂ ಆಗುದಿಲ್ಲ," ಎಂದು ಆಮೇಲೆ ಸೇರಿಸಿದ್ದ, ಕಿವಿ ಕೆಂಪಾಗಿಸಿಕೊಂಡು.

ಅಷ್ಟೇ ಆದದ್ದು. ಆದರೆ ಮರುವಾರದಿಂದ ಅಪರ್ಣಾ ಬೆಳಿಗ್ಗೆ ಅಣ್ಣ ಬರುವ ಮೊದಲು ಲಿಲ್ಲಿಗೆ ಒಂದು ಚೊಂಬು ನೀರು ಹೊಯ್ಯತೊಡಗಿದಳು. ಎಲೆ ಬಾಡಿದರೆ ಅವನು ಬರುತ್ತಾನೆ. ಬಂದವನು ಮಣ್ಣು ಸಡಿಲಿಸುತ್ತಾನೆ, ಒಂದೆರಡು ಮಾತಾಡುತ್ತಾನೆ. ಹೋದ ಮೇಲೆ ಗಿಡಕ್ಕೆ ದ್ರೋಹ ಮಾಡಿದೆನೆಂದು ಅವಳಿಗೆ ಅನಿಸುತ್ತಿತ್ತು. ಆಗ ಒದ್ದೆ ಬಟ್ಟೆಯಲ್ಲಿ ಎಲೆಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು. ಮರುದಿನ ಮತ್ತೆ ಚೊಂಬು.

ಹೀಗೆ ಎರಡು ತಿಂಗಳು ನಡೆಯಿತು. ಒದ್ದೆ ಮಣ್ಣಿನಲ್ಲಿ ಸಣ್ಣ ಕರಿ ನೊಣಗಳಾದವು. ಒಂದು ಶುಕ್ರವಾರ, ಗಿರಾಕಿಯೊಬ್ಬರ ಪೈನಾಪಲ್ ಶೀರಾದ ಮೇಲೆ ಅಂಥದ್ದೊಂದು ಬಿದ್ದಿತ್ತು.

ರಮಾಕಾಂತ ಶನಿವಾರವೇ ಯೋಗೀಶನನ್ನು ಕರೆಸಿದ. ಮೂವತ್ತು ವರ್ಷದ ಹಳೆಯ ವೈಟರ್ ತಾರಾನಾಥನನ್ನೂ ನಿಲ್ಲಿಸಿಕೊಂಡ.

"ಗ್ಲಾಸಿನ ಎಂಜಲು ನೀರನ್ನು ಕುಂಡಕ್ಕೆ ಚೆಲ್ಲುವವ ನೀನೇ ಅಲ್ವಾ ತಾರಾನಾಥ?"

"ವಾಶ್‌ಬೇಸಿನ್ ಹತ್ರದ ಪಾಮ್‌ಗೆ ಚೆಲ್ತೇನೆ ಧಣಿ. ಬೇಸಿನ್‌ಗೆ ಹೋಗ್ಲಿಕ್ಕೆ ಇನ್ನು ನಾಕು ಹೆಜ್ಜೆ. ನನ್ನ ಮೊಣಕಾಲು ನೋಡಿ. ಆದ್ರೆ ಈ ಲಿಲ್ಲಿ ಮುಟ್ಟಿಲ್ಲ, ದೇವರಾಣೆ."

ಯೋಗೀಶ್ ಪಾಮ್‌ನ ಕುಂಡ ತೋರಿಸಿದ. "ಅವರು ಹೇಳುದು ಸರಿ. ಇದರ ಮಣ್ಣಿನ ಮೇಲೆ ಬಿಳಿ ಪದರ ಉಂಟು, ಎಲೆಯ ತುದಿ ಸುಟ್ಟ ಹಾಗೆ ಆಗಿದೆ. ಲಿಂಬೆ ಶರಬತ್ತಿನ ಉಪ್ಪು. ಲಿಲ್ಲಿಯದ್ದು ಬೇರೆ ಕಾಯಿಲೆ."

ಅವನು ಲಿಲ್ಲಿಯನ್ನು ಬುಡಸಮೇತ ಕುಂಡದಿಂದ ಎತ್ತಿದ. ಕೊಳೆತ ವಾಸನೆ ಬಂತು. ಬೆಳ್ಳಗಿರಬೇಕಾದ ಬೇರು ಕಂದಾಗಿ, ಹಿಡಿದರೆ ಬೆರಳಿಗೆ ಅಂಟುವಷ್ಟು ಮೆತ್ತಗಾಗಿತ್ತು. ಎಲೆಗಳ ಮೇಲೆ ಮಾತ್ರ ಒಂದು ಕಣ ಧೂಳಿಲ್ಲ. ಕಾರ್ಖಾನೆಗಳ ಧೂಳು ಮುಚ್ಚಿದ ಕಿಟಕಿಯಿಂದಲೂ ನುಗ್ಗುವ ಈ ಊರಿನಲ್ಲಿ, ಹನ್ನೊಂದು ಕುಂಡಗಳಲ್ಲಿ ಅದೊಂದೇ ಮಿರಮಿರ ಮಿಂಚುತ್ತಿತ್ತು. ಯೋಗೀಶ್ ಎಲೆಯ ಮೇಲೆ ಹೆಬ್ಬೆರಳು ಎಳೆದ. ಹೆಬ್ಬೆರಳು ನೋಡಿಕೊಂಡ. ಆಮೇಲೆ, ಬಹಳ ಮೆಲ್ಲಗೆ, ಕೌಂಟರಿನ ಕಡೆ ಕಣ್ಣೆತ್ತಿದ.

ಗೊತ್ತಾಯಿತು ಅವನಿಗೆ.

"ಎಂಥ ಕಾಯಿಲೆ ಹಾಗಾದ್ರೆ?" ರಮಾಕಾಂತ ಕೇಳಿದ.

"ನನ್ನದೇ ತಪ್ಪು ಧಣಿ. ಮಣ್ಣಿಗೆ ಮರಳು ಕಮ್ಮಿ ಹಾಕಿದ್ದೆ. ನೀರು ಇಂಗ್ಲಿಲ್ಲ."

"ಮತ್ತೆ ಮೊದ್ಲೇ ಹೇಳ್ಲಿಕ್ಕೆ ಎಂಥ ರೋಗ? ಗಿರಾಕಿ ಎದುರು ನನ್ನ ಮಾನ ಹೋಯ್ತು. ಎಲ್ಲ ತೆಗೊಂಡು ಹೋಗಿ. ಠಾಣೆ ಪೇಟೆಯಲ್ಲಿ ನಮ್ಮವರ ಹೋಟೆಲಿಗೆಲ್ಲ ಗಿಡ ಕೊಡ್ತೀರಲ್ಲ, ಅವರಿಗೂ ಒಂದು ಮಾತು ಹೇಳ್ತೇನೆ."

ಯೋಗೀಶ್ ತಲೆ ಬಗ್ಗಿಸಿ ಕುಂಡಗಳನ್ನು ಬಾಗಿಲಿಗೆ ಸಾಗಿಸತೊಡಗಿದ. ಅವನ ಅನ್ನಕ್ಕೇ ಕಲ್ಲು ಬೀಳುವ ಮಾತು ಅದು. ಮೂರು ಕುಂಡ ಹೋದವು. ನಾಲ್ಕನೆಯದಕ್ಕೆ ಅವನು ಬಗ್ಗಿದಾಗ ಅಪರ್ಣಾ ಸ್ಟೂಲಿನಿಂದ ಇಳಿದಳು.

"ಅಣ್ಣ, ಮಣ್ಣು ಸರಿ ಉಂಟು. ದಿನಾ ನೀರು ಹೊಯ್ದದ್ದು ನಾನು."

"ನಿನಗೆ ಗೊತ್ತಾಗ್ಲಿಲ್ಲ, ಬಿಡು."

"ಗೊತ್ತಿದ್ದೇ ಹೊಯ್ದದ್ದು. ಗಿಡ ಹಾಳಾದ್ರೆ ಇವರು ಬರ್ತಾರಲ್ಲ, ಅದಕ್ಕೆ."

ತಾರಾನಾಥ ಒರೆಸಿದ ಟೇಬಲನ್ನೇ ಮತ್ತೆ ಒರೆಸಿದ. ರಮಾಕಾಂತ ತಂಗಿಯನ್ನು ನೋಡಿದ, ಯೋಗೀಶನನ್ನು ನೋಡಿದ. "ಠಾಣೆಯ ಹೋಟೆಲಿನವರಿಗೆ ನಾನು ಎಂಥದೂ ಹೇಳುದಿಲ್ಲ," ಎಂದ ಕೊನೆಗೆ. "ಆದ್ರೆ ಬಾಡಿಗೆ ಗಿಡ ಇನ್ನು ಇಲ್ಲಿ ಬೇಡ."

ಹತ್ತು ಕುಂಡಗಳು ಟೆಂಪೋ ಹತ್ತಿದವು. ಲಿಲ್ಲಿಯನ್ನು ಯೋಗೀಶ್ ಹತ್ತಿಸಲಿಲ್ಲ. ಕೊಳೆತ ಬೇರು ಕತ್ತರಿಸಿ, ಹೊಸ ಮಣ್ಣು ತುಂಬಿ, ಕೌಂಟರಿನ ಮೇಲಿಟ್ಟ.

"ಇದು ಬಾಡಿಗೆಯದ್ದಲ್ಲ, ನಿಮ್ಮದು. ಒಂದು ತೊಟ್ಟು ನೀರು ಹಾಕ್ಬೇಡಿ. ದಿನಾ ಕುಂಡ ಎತ್ತಿ ನೋಡಿ, ಹಗುರ ಆಗ್ಬೇಕು. ಬಾಯಾರಿದ ಗಿಡವೂ ನೀರು ಹೆಚ್ಚಾದ ಗಿಡವೂ ಒಂದೇ ರೀತಿ ತಲೆ ಬಗ್ಗಿಸ್ತದೆ. ನೋಡಿ ಮೋಸ ಹೋಗ್ಬೇಡಿ."

"ಬದುಕ್ತದಾ?"

"ಗೊತ್ತಿಲ್ಲ," ಅಂದ. ಅವನು ಸುಳ್ಳು ಹೇಳಬಹುದಿತ್ತು.

ನೀರು ಹಾಕದೆ ಇರುವುದು ಇಷ್ಟು ಕಷ್ಟ ಅಂತ ಅಪರ್ಣಾಳಿಗೆ ತಿಳಿದಿರಲಿಲ್ಲ. ಎಲೆ ಮೂರು ಉದುರಿದವು, ಆಮೇಲೆ ಎರಡು. ಅವಳು ಫೋನು ಕೈಗೆತ್ತಿಕೊಳ್ಳುವಳು, ಇಡುವಳು. ಯೋಗೀಶನೂ ಫೋನು ಮಾಡಲಿಲ್ಲ. ಅಣ್ಣ ಮನೆಯಲ್ಲಿ ಉಪ್ಪು, ಮೊಸರು ಅಂದದ್ದು ಬಿಟ್ಟರೆ ಮಾತಾಡಲಿಲ್ಲ. ಬೆಳಿಗ್ಗೆ ಚೊಂಬು ಅಡುಗೆಮನೆಯಲ್ಲೇ ಬಿಟ್ಟು ಬಂದು ಕುಂಡ ಎತ್ತುವಳು. ದಿನಕ್ಕಿಷ್ಟು ಹಗುರ.

ಇಪ್ಪತ್ತನಾಲ್ಕನೆಯ ದಿನ ಬುಡದ ನಡುವೆ ಒಂದು ಚಿಗುರು ಸುರುಳಿ ಸುತ್ತಿಕೊಂಡು ನಿಂತಿತ್ತು. ಸೂಜಿಯಷ್ಟು.

ಅವಳು ಕುಂಡವನ್ನು ಬಟ್ಟೆಯ ಚೀಲದಲ್ಲಿಟ್ಟಳು. "ಅಣ್ಣ, ಶಹಾಡ್‌ಗೆ ಹೋಗಿ ಬರ್ತೇನೆ."

"ಗಿಡ ತೋರಿಸ್ಲಿಕ್ಕಾ?"

"ಅಲ್ಲ."

ರಮಾಕಾಂತ ಗಲ್ಲಾಪೆಟ್ಟಿಗೆಯನ್ನು ತನ್ನ ಕಡೆಗೆ ಎಳೆದುಕೊಂಡ. ಆಮೇಲೆ ತಾನೇ ಅವಳ ಸ್ಟೂಲಿನ ಮೇಲೆ ಕೂತ. "ಟಿಟ್ವಾಲಾ ಲೋಕಲ್ ರೈಲಲ್ಲಿ ಜನ ಗರ್ದಿ ಇರ್ತದೆ. ಚೀಲ ಎದೆಗೆ ಹಿಡ್ಕೋ."

ನರ್ಸರಿಯಲ್ಲಿ ಯೋಗೀಶ್ ಸಸಿಗಳ ನಡುವೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಅವಳನ್ನು ಕಂಡು ಎದ್ದವನು ಕೈ ಒರೆಸಿಕೊಳ್ಳುವುದನ್ನೂ ಮರೆತ. ಚೀಲ ಬಿಚ್ಚಿದ, ಚಿಗುರು ನೋಡಿದ, ಎರಡು ಬೆರಳು ಮಣ್ಣಿಗಿಳಿಸಿದ.

"ಪೂರ್ತಿ ಒಣಗಿದೆ," ಅಂದ. "ಇಷ್ಟು ದಿನ ಹೇಗೆ ತಡ್ಕೊಂಡ್ರಿ?"

"ಕಷ್ಟ ಆಯ್ತು. ನಿಮಗೆ?"

ಅವನು ಡ್ರಮ್ಮಿನಿಂದ ಅರ್ಧ ಮಗ್ ನೀರು ತಂದು ಅವಳ ಕೈಗಿತ್ತ. ಮಗ್ ಮಾತ್ರ ಬಿಡಲಿಲ್ಲ.

"ಮೆಲ್ಲಗೆ ಅಪರ್ಣಾ," ಅಂದ. "ಸ್ವಲ್ಪ ಸ್ವಲ್ಪ."