ಕಾಲರ್ ಅಳತೆ

ಎರಡನೇ ವಿಡಿಯೋ ಕೂಡ ರಿಜೆಕ್ಟ್ ಆಯಿತು ಅಂತ ಏಜೆಂಟ್ ಅಂಬರೀಶ್ ಫೋನ್ ಮಾಡಿದಾಗ ನಾನು ತೊಂಡೇಬಾವಿ ಸ್ಟೇಷನ್ನಿನಲ್ಲಿ ಗೌರಿಬಿದನೂರಿನ ರೈಲಿಗೆ ಕಾಯುತ್ತಿದ್ದೆ.

"ಕೆಲ್ಸಾನೇ ಕಾಣಿಸ್ತಿಲ್ವಂತೆ ಕಲ್ಯಾಣಿ ಮೇಡಂ. ನಾಳೆ ಆಫೀಸಿಗೆ ಬನ್ನಿ, ಜೋರ್ಡಾನಿನವರೇ ವಿಡಿಯೋ ಕಾಲಲ್ಲಿ ಮಾತಾಡ್ತಾರೆ. ಶನಿವಾರ ಲಿಸ್ಟ್ ಕ್ಲೋಸ್."

ನಾನು ಆರು ವರ್ಷ ಗಾರ್ಮೆಂಟ್ಸಿನಲ್ಲಿ ಸ್ಯಾಂಪಲ್ ಟೈಲರ್ ಆಗಿದ್ದವಳು. ಹೊಸ ಡಿಸೈನ್ ಬಂದರೆ ಮೊದಲನೇ ಷರ್ಟು ನನ್ನ ಕೈಯಲ್ಲೇ ಆಗಬೇಕು, ಅದನ್ನು ನೋಡಿಕೊಂಡು ಲೈನಿನವರೆಲ್ಲ ಹೊಲಿಯಬೇಕು. ನಾನು ಹೊಲಿದದ್ದು ತಪ್ಪು ಅಂತ ಬಿಚ್ಚಿಸುವ ಸೂಪರ್‌ವೈಸರ್ ಇನ್ನೂ ಹುಟ್ಟಿಲ್ಲ ಅಂತ ಜಂಬ ಬೇರೆ. ಈಗ ಜೋರ್ಡಾನಿನಲ್ಲಿ ಕೂತವರು ನನ್ನ ಕೆಲಸವೇ ಕಾಣಿಸುತ್ತಿಲ್ಲ ಅಂದರೆ ಮೈ ಉರಿಯದೆ ಇರುತ್ತದಾ?

ಉರಿದದ್ದು ವಿಡಿಯೋ ತೆಗೆದವನ ಮೇಲೆ. ಅವನು ಗಂಗರಾಜು, ನಮ್ಮ ಫ್ಯಾಕ್ಟರಿಯ ಮೆಕ್ಯಾನಿಕ್.

ಫ್ಯಾಕ್ಟರಿ ಅಂತ ಈಗ ಹೇಳಬೇಕೋ ಬೇಡವೋ ಗೊತ್ತಿಲ್ಲ. ಅಮೆರಿಕದವರು ಸುಂಕ ಏರಿಸಿದರಂತೆ, ಆರ್ಡರು ನಿಂತವಂತೆ. ನಮಗೆ ಅರ್ಥವಾದದ್ದು ಇಷ್ಟು: ಮೊದಲು ಓವರ್‌ಟೈಮ್ ಹೋಯಿತು, ಆಮೇಲೆ ಒಂದೊಂದೇ ಲೈನ್ ಹೋಯಿತು, ಕೊನೆಗೆ ಗೇಟಿಗೆ ಬೀಗ ಬಿತ್ತು. ಮೆಷಿನ್‌ಗಳನ್ನು ಯಾರೋ ತಿರುಪುರದವರು ಕೊಂಡುಕೊಂಡಿದ್ದರು. ಅವನ್ನೆಲ್ಲ ಒರೆಸಿ, ಎಣ್ಣೆ ಬಿಟ್ಟು, ಲಾರಿಗೆ ಹತ್ತಿಸುವವರೆಗೆ ಮಾತ್ರ ಗಂಗರಾಜುಗೆ ಕೆಲಸ.

ನಾನೂ ಸುಮ್ಮನೆ ಕೂತಿರಲಿಲ್ಲ. ಗೌರಿಬಿದನೂರು, ದೊಡ್ಡಬಳ್ಳಾಪುರ ಅಂತ ಗೇಟು ಗೇಟು ಅಲೆದೆ. ಎಲ್ಲ ಕಡೆಯೂ ವಾಚ್‌ಮ್ಯಾನ್‌ಗಳೇ ಕೈಯಾಡಿಸಿ ಕಳಿಸುತ್ತಿದ್ದರು. ಅಮ್ಮನ ಮಂಡಿ ಕೈಕೊಟ್ಟು ಕೂಲಿಗೆ ಹೋಗುವುದು ನಿಂತಿತ್ತು. ತಂಗಿ ತನುಜಳ ನರ್ಸಿಂಗ್ ಅರ್ಧದಲ್ಲಿತ್ತು. ಜೋರ್ಡಾನಿನ ಕೆಲಸ ಮೂರು ವರ್ಷದ ಕಾಂಟ್ರಾಕ್ಟ್, ಊಟ ವಸತಿ ಅವರದೇ. ಆದರೆ ಟೈಲರ್ ಹೆಂಗಸರನ್ನು ಮಾತ್ರ ತಗೊಳ್ಳುತ್ತಾರೆ, ಅದೂ ಒಂದು ಷರ್ಟಿನ ಕಾಲರ್ ಪೂರ್ತಿ ಹೊಲಿಯುವ ವಿಡಿಯೋ ನೋಡಿ. ನನ್ನ ಫೋನಿನ ಕ್ಯಾಮೆರಾ ಒಡೆದಿತ್ತು. ಗಂಗರಾಜುವನ್ನು ಕೇಳಿದೆ. "ತೆಗೀತೀನಿ ಬಿಡ್ರಿ," ಅಂದಿದ್ದ. ಎರಡು ಸಲವೂ ಅವನೇ ತೆಗೆದು, ಅವನೇ ನೇರವಾಗಿ ಅಂಬರೀಶನಿಗೆ ಕಳಿಸಿದ್ದ.

ಸ್ಟೇಷನ್ನಿನಿಂದ ಸೀದಾ ಫ್ಯಾಕ್ಟರಿಗೆ ಹೋದೆ. ಒಳಗೆ ಕಾಲಿಟ್ಟರೆ ನನ್ನ ಚಪ್ಪಲಿ ಸದ್ದು ನನಗೇ ಕೇಳಿಸಿತು. ಖಾಲಿ ಹಾಲಿನ ಆ ತುದಿಯಲ್ಲಿ ಅವನು ಒಂದು ಮೆಷಿನ್‌ಗೆ ಪ್ಲಾಸ್ಟಿಕ್ ಸುತ್ತುತ್ತಿದ್ದ.

"ರೀ ಗಂಗರಾಜು, ಬೇಕು ಅಂತಾನೇ ಕೆಡಿಸಿದ್ರಾ?"

"ಏನ್ ಕೆಡಿಸ್ದೆ?"

"ವಿಡಿಯೋ. ಕೆಲ್ಸಾನೇ ಕಾಣ್ತಿಲ್ವಂತೆ. ಒಂದ್ಸಲ ಆದ್ರೆ ಕೈತಪ್ಪು ಅನ್ಬೋದು. ನಾನು ಹೋಗೋದು ನಿಮಗೆ ಇಷ್ಟ ಇಲ್ಲ ಅಂದ್ರೆ ಬಾಯಿಬಿಟ್ಟು ಹೇಳ್ಬೇಕಿತ್ತು. ಹಿಂದಿನಿಂದ ಯಾಕೆ ಕೆಡಿಸ್ತೀರ?"

 ಅವನು ಅಂಬಾಜಿದುರ್ಗದ ಕಡೆಯವನು, ಗಾಬರಿಯಾದರೆ ಬಾಯಲ್ಲಿ ತೆಲುಗೇ ಬರುತ್ತದೆ. "ನಾಕು ತೆಲೀದು," ಅಂದ. ಗೊತ್ತಿಲ್ಲವಂತೆ! ಆಮೇಲೆ ತಲೆ ತಗ್ಗಿಸಿ ಪ್ಲಾಸ್ಟಿಕ್ ಸುತ್ತುವುದನ್ನು ಮುಂದುವರಿಸಿದ. ಜಗಳಕ್ಕೆ ಬಂದವಳಿಗೆ ಎದುರಾಳಿಯೇ ಇಲ್ಲದಂತಾಗಿ ನಾನು ಬಂದ ದಾರಿಯಲ್ಲೇ ವಾಪಸ್ ಹೋದೆ. ಹೋಗುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಎಲ್ಲ ಮೆಷಿನ್‌ಗೂ ಪ್ಲಾಸ್ಟಿಕ್ ಬಿದ್ದಿತ್ತು, ಕಿಟಕಿ ಪಕ್ಕದ ನನ್ನ ಮೆಷಿನ್‌ಗೆ ಮಾತ್ರ ಇನ್ನೂ ಇಲ್ಲ.

ಮಾರನೇ ದಿನ ಚಿಕ್ಕಬಳ್ಳಾಪುರದಲ್ಲಿ ಅಂಬರೀಶನ ಆಫೀಸು ತುಂಬಿತ್ತು. ಬಸ್‌ಸ್ಟ್ಯಾಂಡ್ ಹಿಂದಿನ ಒಂದೇ ರೂಮು. ಶಿಡ್ಲಘಟ್ಟದಿಂದ, ಚಿಂತಾಮಣಿಯಿಂದ ಬಂದ ಹೆಂಗಸರು ಬೆಂಚಿನ ಮೇಲೂ ನೆಲದ ಮೇಲೂ ಕೂತಿದ್ದರು. ಯಾರ ಮುಖದಲ್ಲೂ ನಿದ್ದೆ ಮಾಡಿದ ಲಕ್ಷಣವಿಲ್ಲ. ಗೋಡೆಯ ದೊಡ್ಡ ಟಿವಿಯಲ್ಲಿ ಜೋರ್ಡಾನಿನ ಫ್ಯಾಕ್ಟರಿಯ ಇನ್‌ಚಾರ್ಜ್ ಕಾಣಿಸಿಕೊಂಡರು. ಮಾರಿಸೆಲ್ ಅಂತ ಹೆಸರು, ಫಿಲಿಪೈನ್ಸಿನವರು. ನಮ್ಮ ಅಮ್ಮನಿಗಿಂತ ಸ್ವಲ್ಪ ಚಿಕ್ಕವರಿರಬಹುದು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅಂಬರೀಶ್ ಕನ್ನಡದಲ್ಲಿ ಹೇಳುತ್ತಿದ್ದ.

"ಕಲ್ಯಾಣಿ ಯಾರು? ನೀನಾ? ನಾನು ಕಾಲರ್ ಕೇಳಿದ್ದೆ. ನೀನೇ ನೋಡು, ಇದರಲ್ಲಿ ಕಾಲರ್ ಎಲ್ಲಿದೆ ಹೇಳು."

ಎಲ್ಲರ ಎದುರೇ ವಿಡಿಯೋ ಹಾಕಿದರು.

ಶುರುವಿನಲ್ಲಿ ಸರಿಯಾಗಿಯೇ ಇತ್ತು. ಬಿಳಿ ಬಟ್ಟೆ, ಸೂಜಿ, ನನ್ನ ಬೆರಳು. ಆಮೇಲೆ ಕ್ಯಾಮೆರಾ ಮೆಲ್ಲಗೆ ಮೇಲೆದ್ದಿತು. ಕೈಬಳೆಗೆ ಬಂತು. ಅಲ್ಲಿಂದ ಕೆನ್ನೆಗೆ. ಕಿವಿಯ ಹಿಂದೆ ಸಿಕ್ಕಿಸಿದ ಕೂದಲು ಜಾರಿದ್ದನ್ನು ನೋಡುತ್ತಾ ಅಲ್ಲೇ ನಿಂತುಬಿಟ್ಟಿತು. ಜ್ಞಾಪಕ ಬಂದವರ ಹಾಗೆ ಗಡಬಡಿಸಿ ಸೂಜಿಗೆ ಇಳಿಯಿತು, ಎರಡು ಉಸಿರಿನಷ್ಟು ಹೊತ್ತು ಇದ್ದು ಮತ್ತೆ ಮುಖಕ್ಕೆ ಬಂತು. ಕಾಲರಿನ ಮೂಲೆ ತಿರುಗಿಸುವಾಗ ನಾನು ನಾಲಿಗೆ ತುದಿ ಕಚ್ಚಿಕೊಳ್ಳುತ್ತೇನೆ ಅಂತ ನನಗೆ ಗೊತ್ತಾದದ್ದು ಆವತ್ತೇ. ನನ್ನನ್ನು ಅಷ್ಟು ಚೆಂದವಾಗಿ ನಾನು ಯಾವ ಕನ್ನಡಿಯಲ್ಲೂ ಕಂಡಿರಲಿಲ್ಲ.

ಹಿಂದಿನಿಂದ ಯಾರೋ ಕಿಸಕ್ಕೆಂದರು. "ಕಾಲರ್ ಎಲ್ಲಮ್ಮ ಇದ್ರಲ್ಲಿ? ಎಲ್ಲಾ ನೀನೇ ಇದ್ದೀಯ!" ದಣಿದು ಕೂತಿದ್ದ ಅಷ್ಟೂ ಜನ ನಕ್ಕರು. ನನಗೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳೋಣ ಅಂದರೆ ಹಾಕಿದ್ದು ಚೂಡಿದಾರ್.

ಮಾರಿಸೆಲ್ ನಗಲಿಲ್ಲ. "ಇದನ್ನ ತೆಗೆದವನಿಗೆ ನೀನು ಇಲ್ಲಿಗೆ ಬರ್ತಿರೋದು ಗೊತ್ತಾ?" ಅಂತ ಕೇಳಿದರು.

"ಗೊತ್ತು."

"ಗೊತ್ತಿದ್ದೂ ತೆಗೆದುಕೊಟ್ಟನಾ?"

ನಾನು ತಲೆಯಾಡಿಸಿದೆ.  ಆಮೇಲೆ ಅವರು ಹೇಳಿದ್ದನ್ನು ಅಂಬರೀಶ್ ಕೂಡ ಮೆತ್ತಗಿನ ದನಿಯಲ್ಲೇ ಹೇಳಿದ. "ನಮ್ಮೂರಲ್ಲೂ ಕೆಲಸ ಇದ್ದಿದ್ರೆ ನಾನು ಇಲ್ಲಿ ಇರ್ತಿರಲಿಲ್ಲ. ಮಗಳು ಹುಟ್ಟಿದ ವರ್ಷ ಹೊರಟೆ, ಈಗ ಅವಳು ಕಾಲೇಜು. ಬರುವಾಗ ಗಂಡನಿಗೆ ಹೇಳಬೇಕಾದ್ದು ತುಂಬಾ ಇತ್ತು, ಫೋನಿನಲ್ಲಿ ಹೇಳೋಣ ಅಂದುಕೊಂಡೆ. ಫೋನಿನಲ್ಲಿ ಊಟ ಆಯ್ತಾ ಅಂತ ಕೇಳೋದೇ ಆಗುತ್ತೆ." ಅವರು ಕನ್ನಡಕವನ್ನು ಕಣ್ಣಿಗಿಳಿಸಿದರು. "ಶನಿವಾರದೊಳಗೆ ಇನ್ನೊಂದು ಕಳಿಸು. ಈ ಸಲ ಕೈ ಮಾತ್ರ."

ಶುಕ್ರವಾರ ಮಧ್ಯಾಹ್ನ ಹೋದೆ. ಲಾರಿ ಆಗಲೇ ಗೇಟಿನ ಒಳಗೆ ನಿಂತಿತ್ತು. ಹಾಲಿನಲ್ಲಿ ಉಳಿದಿದ್ದು ನನ್ನ ಮೆಷಿನ್ ಒಂದೇ. ಗಂಗರಾಜು ನನ್ನನ್ನು ನೋಡಿ ಕೈ ಒರೆಸಿಕೊಂಡು ಎದ್ದುನಿಂತ.

"ನಾನು ವಿಡಿಯೋ ಆಮೇಲೆ ನೋಡ್ಕೊಂಡೆ ಕಣ್ರೀ," ಅಂದ. "ಬೇಕು ಅಂತ ಮಾಡಿದ್ದಲ್ಲ. ತೆಗೆಯೋವಾಗ ನನಗೆ ಗೊತ್ತೇ ಆಗ್ಲಿಲ್ಲ."

"ಈ ಸಲ ಕೈ ಮಾತ್ರ ಬೇಕಂತೆ."

"ಹೂಂ. ಅದಕ್ಕೇ ಇದು ಮಾಡಿಟ್ಟಿದ್ದೀನಿ." ದಾರದ ಸ್ಟ್ಯಾಂಡ್‌ನ ಕಬ್ಬಿಣ ಬಗ್ಗಿಸಿ, ಅದಕ್ಕೆ ಎಲಾಸ್ಟಿಕ್ ಸುತ್ತಿ ಫೋನಿಗೊಂದು ಹಿಡಿಕೆ ಮಾಡಿದ್ದ. ಫೋನು ಸೂಜಿಯನ್ನೇ ನೋಡುತ್ತಾ ಗಟ್ಟಿಯಾಗಿ ಕೂತಿತು. "ಈಗ ಅಲ್ಲಾಡಲ್ಲ."

"ನೀವು?"

"ನಾನು ಆ ಕಡೆ ತಿರುಗಿ ನಿಂತ್ಕೋತೀನಿ."

ನಿಂತೇಬಿಟ್ಟ, ಕಿಟಕಿಯ ಕಡೆ ಮುಖ ಮಾಡಿ, ಶಿಕ್ಷೆಗೆ ನಿಂತ ಸ್ಕೂಲು ಹುಡುಗನ ಹಾಗೆ. ಎಣ್ಣೆ ಕಲೆಯ ಟೀಷರ್ಟು, ಬಿಸಿಲಿಗೆ ಕಂದಿದ ಕುತ್ತಿಗೆ. ನಾನು ಬ್ಯಾಗಿನಿಂದ ಬಟ್ಟೆ ತೆಗೆದೆ. ಮೊದಲ ಎರಡು ಸಲದ ಹಾಗೆಯೇ ಜೋರ್ಡಾನಿನವರು ಕಳಿಸಿದ್ದ ಅಳತೆ ಹಾಳೆ ನೋಡದೆ ನನ್ನ ಅಂದಾಜಿನಲ್ಲೇ ಕತ್ತರಿಸಿಕೊಂಡು ಬಂದಿದ್ದೆ. ಫೋನು ಆನ್ ಮಾಡಿ ಪೆಡಲ್ ಒತ್ತಿದೆ.

"ವಿಡಿಯೋ ಎಲ್ಲಾರ ಮುಂದೆ ಟಿವೀಲಿ ಹಾಕಿದ್ರು," ಅಂದೆ.

"ಅಯ್ಯೋ ದೇವುಡಾ!"

"ನಾನು ನಾಲಿಗೆ ಕಚ್ಕೋತೀನಂತೆ."

"ಮೂಲೆ ತಿರುಗಿಸೋವಾಗ ಮಾತ್ರ," ಅಂದ ಆ ಕಡೆ ನೋಡುತ್ತಲೇ. "ಬಾಕಿ ಹೊತ್ತು ಕಚ್ಕೊಳಲ್ಲ."

ನನಗೆ ನಗು ಬಂತು. ಕೈ ನಗಲಿಲ್ಲ, ನೇರ ಹೋಯಿತು. "ಎಷ್ಟು ದಿನದಿಂದ ನೋಡ್ತಿದ್ದೀರ?"

"ಮೆಷಿನ್ ಚೆನ್ನಾಗಿದ್ರೂ ಕರೀತಿದ್ರಲ್ಲ, ದಾರದ ಟೆನ್ಷನ್ ಸರಿ ಇಲ್ಲ, ಟೆನ್ಷನ್ ಸರಿ ಇಲ್ಲ ಅಂತ. ಆಗಿಂದ."

"ಸರಿ ಇರ್ಲಿಲ್ಲ!"

"ಆ ಸ್ಕ್ರೂ ನೀವೇ ಸಡಿಲ ಮಾಡ್ತಿದ್ರಿ."

ಸಿಕ್ಕಿಬಿದ್ದೆ. "ಗೊತ್ತಿದ್ದೂ ಬರ್ತಿದ್ರಾ?"

"ಬರ್ದೆ ಇರಕ್ಕಾಗುತ್ತಾ? ನೀವು ಇನ್ನೊಂದು ಲೈನಿನ ಮೆಕ್ಯಾನಿಕ್ಕನ್ನ ಕರೆದ್ಬಿಟ್ರೆ?"

ಒಳಗಿನ ಹೊಲಿಗೆ ಆಯಿತು. ಬಟ್ಟೆ ಮಗುಚಿ, ತುದಿ ಚುಚ್ಚಿ ಚೂಪು ಮಾಡಿ, ಮೇಲಿನ ಹೊಲಿಗೆ ಹಾಕತೊಡಗಿದೆ. ಹೊರಗೆ ಲಾರಿಯವರು ಹಗ್ಗ ಬಿಗಿಯುವ ಸದ್ದು. ಈ ಹಾಲಿನಲ್ಲಿ ನೂರಾರು ಮೆಷಿನ್‌ಗಳ ಗದ್ದಲದಲ್ಲಿ ಆಡಲಾಗದ್ದನ್ನು, ಎಲ್ಲ ಖಾಲಿಯಾದ ಮೇಲೆ ಆಡುತ್ತಿದ್ದೆವು. ಇಷ್ಟು ವರ್ಷ ಏನು ಮಾಡುತ್ತಿದ್ದೆವೋ, ಇಬ್ಬರೂ ದಡ್ಡರು. ನನಗೆ ತುಂಬಾ ಸುಸ್ತಾಗಿತ್ತು. ಆ ಸುಸ್ತಿನಲ್ಲೇ ಕೇಳಿಬಿಟ್ಟೆ.

"ಹೋಗ್ಬೇಡ ಅನ್ನಿ ಒಂದ್ಸಲ."

"ಅಂದ್ರೆ ನಿಂತ್ಬಿಡ್ತೀರ."

"ಹೂಂ. ನಿಂತ್ಬಿಡ್ತೀನಿ."

"ಅದಕ್ಕೇ ಅನ್ನಲ್ಲ." ಅವನು ಕಿಟಕಿಯ ಹೊರಗೇ ನೋಡುತ್ತಾ ಹೇಳಿದ. "ನನಗೆ ಇಷ್ಟ ಇದೆ ಕಲ್ಯಾಣಿ. ಬಾಯಿಬಿಟ್ಟು ಹೇಳ್ಬೇಕಿತ್ತು ಅಂದ್ರಲ್ಲ, ಹೇಳ್ತಿದ್ದೀನಿ. ನೀವು ಅಂದ್ರೆ ಇಷ್ಟ. ನೀವು ಹೋಗೋದು ಇಷ್ಟ ಇಲ್ಲ. ಆದ್ರೂ ಹೋಗಿ. ತನುಜ ಓದ್ಲಿ, ಅಮ್ಮನ ಮಂಡಿಗೆ ತೋರಿಸಿ. ನಾನು ಚಿಂತಾಮಣೀಲಿ ಒಂದು ಅಂಗಡಿ ಇಟ್ಕೊಂಡು ಮನೆ ಮೆಷಿನ್ ರಿಪೇರಿ ಮಾಡ್ಕೊಂಡಿರ್ತೀನಿ. ಎಲ್ಲಿಗೂ ಹೋಗಲ್ಲ."

ಮೇಲಿನ ಹೊಲಿಗೆಯಲ್ಲಿ ಎರಡನೇ ಮೂಲೆ ಉಳಿದಿತ್ತು. ಸೂಜಿಯನ್ನು ಬಟ್ಟೆಯೊಳಗೇ ನಿಲ್ಲಿಸಿದೆ. ಒಂದು ಹೊಲಿಗೆ ಆಚೀಚೆ ಆದರೆ ಸಾಕು. ವಿಡಿಯೋ ಮತ್ತೆ ರಿಜೆಕ್ಟ್, ಶನಿವಾರ ಲಿಸ್ಟ್ ಕ್ಲೋಸ್, ಯಾರ ತಪ್ಪೂ ಅಲ್ಲ. ಕಣ್ಣು ಮಂಜಾಗಿ ಬಟ್ಟೆ ಕಾಣಿಸುತ್ತಿರಲಿಲ್ಲ. ತಪ್ಪಿದರೂ ಯಾರೂ ಬಯ್ಯುವಂತಿರಲಿಲ್ಲ.

ಮೆಷಿನ್ ಸದ್ದು ನಿಂತದ್ದು ಅವನಿಗೆ ಕೇಳಿಸಿತು. "ನಿಲ್ಲಿಸ್ಬೇಡಿ," ಅಂದ. ತಿರುಗಲಿಲ್ಲ.

ಕಣ್ಣೊರೆಸಿಕೊಳ್ಳಲು ಕೈ ಎತ್ತುವಂತಿಲ್ಲ, ಫೋನು ನೋಡುತ್ತಿತ್ತು. ಭುಜಕ್ಕೆ ಕೆನ್ನೆ ಒರೆಸಿಕೊಂಡು ನಾಲಿಗೆ ತುದಿ ಕಚ್ಚಿ ಮೂಲೆ ತಿರುಗಿಸಿದೆ. ಕುತ್ತಿಗೆ ಸುತ್ತುವ ಬ್ಯಾಂಡಿಗೆ ಕಾಲರ್ ಕೂಡಿಸಿದೆ. ಗುಂಡಿ, ಕಾಜಾ ಕೈಯಲ್ಲೇ ಹಾಕಿದೆ. ನನ್ನ ಆರು ವರ್ಷದಲ್ಲಿ ಅಂಥ ಕಾಲರ್ ಹೊಲಿದಿರಲಿಲ್ಲ.

"ಆಯ್ತು. ತಿರುಗಿ," ಅಂದೆ.

ಅವನು ತಿರುಗಿದ. ಮೊದಲು ಕಾಲರ್ ನೋಡಿದ, ಆಮೇಲೆ ನನ್ನ ಮುಖ. ಫೋನು ಹಿಡಿಕೆಯಲ್ಲೇ ಇತ್ತು, ಹಾಗಾಗಿ ಈ ಸಲ ಅವನು ನೋಡಿದ್ದು ನನ್ನ ಹೊರತು ಯಾರಿಗೂ ಕಾಣಿಸಲಿಲ್ಲ. ನಾನು ಫೋನ್ ಆಫ್ ಮಾಡಿದೆ. ಅವನ ಅಂಗೈಯಲ್ಲಿ ಮೆಷಿನ್ ಎಣ್ಣೆ ವಾಸನೆ ಇತ್ತು, ಮನೆ ಸೇರುವವರೆಗೂ ನನ್ನ ಕೈಯಲ್ಲೂ ಇತ್ತು.

ಶನಿವಾರ ಬೆಳಿಗ್ಗೆ ಮಾರಿಸೆಲ್ ಕಳಿಸಿದ್ದನ್ನು ಅಂಬರೀಶ್ ಫೋನಿನಲ್ಲಿ ಓದಿ ಹೇಳಿದ. "ಕಾಲರ್ ಪಾಸ್. ಮಾತು ನನಗೆ ಅರ್ಥ ಆಗಲಿಲ್ಲ, ಆದ್ರೂ ಕೊನೇತನಕ ಕೇಳಿದೆ. ಒಂದೇ ತಪ್ಪು. ಮೂರು ವಿಡಿಯೋದಲ್ಲೂ ಕಾಣಿಸಿದಷ್ಟು ಕಾಲರ್ ನಾನು ಕೊಟ್ಟ ಅಳತೆಯದಲ್ಲ. ಯಾರದೋ ಕುತ್ತಿಗೆ ನೋಡಿ ಕತ್ತರಿಸಿದ್ದು. ಇರಲಿ, ಅವನಿಗೇ ಕೊಟ್ಟು ಬಾ."

ಕೊಟ್ಟೆ.

ವೀಸಾ ಬಂದು ನಾನು ಹೊರಟ ದಿನ ತೊಂಡೇಬಾವಿ ಸ್ಟೇಷನ್ನಿಗೆ ಅಮ್ಮ ಕುಂಟುತ್ತಾ ಬಂದಳು. ತನುಜ ಬ್ಯಾಗು ಹೊತ್ತಿದ್ದಳು. ಬೆಂಗಳೂರಿನ ರೈಲು ಬಂದು ನಿಲ್ಲುವ ಹೊತ್ತಿಗೆ ಪ್ಲಾಟ್‌ಫಾರಮ್ಮಿನ ಆ ಕೊನೆಯಿಂದ ಗಂಗರಾಜು ಓಡಿ ಬಂದ. ಅದೇ ಎಣ್ಣೆ ಕಲೆಯ ಟೀಷರ್ಟು. ಅದರ ಮೇಲೆ ಕುತ್ತಿಗೆಗೆ ಬಿಳೀ ಕಾಲರ್, ಗುಂಡಿ ಹಾಕಿಕೊಂಡು! ಜನರೆಲ್ಲ ತಿರುಗಿ ತಿರುಗಿ ನೋಡುತ್ತಿದ್ದರು. ಕಾಲರ್ ಒಂದು ಕೂದಲೆಳೆಯಷ್ಟೂ ಬಿಗಿಯಿಲ್ಲದೆ, ಸಡಿಲವಿಲ್ಲದೆ ಕೂತಿತ್ತು. ಟೇಪು ಹಿಡಿಯದೆ, ಮುಟ್ಟದೆ, ಆರು ವರ್ಷ ಬರೀ ನೋಡಿ ತೆಗೆದ ಅಳತೆ.

"ಹೋಗಿ ಬಾ," ಅಂದ ಅವನು. ಅಷ್ಟೇ ಅಂದದ್ದು.

ನಾನು ಹತ್ತಿ ಕಿಟಕಿಯ ಪಕ್ಕ ಕೂತೆ. ಅಮ್ಮ ಕಿಟಕಿಯ ಸರಳು ಹಿಡಿದು, ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಮೆಲ್ಲಗೆ ಕೇಳಿದಳು. "ಯಾರೇ ಅದು, ಷರ್ಟೇ ಇಲ್ದೆ ಕಾಲರ್ ಹಾಕ್ಕೊಂಡು ನಿಂತಿರೋನು?"

ರೈಲು ಅಲುಗಿತು.

"ಮಿಕ್ಕ ಷರ್ಟು ನಾನು ವಾಪಸ್ ಬಂದ್ಮೇಲೆ ಹೊಲ್ದು ಕೊಡ್ಬೇಕಮ್ಮ," ಅಂದೆ. "ಅಲ್ಲೀವರ್ಗೂ ಅವನನ್ನ ಸ್ವಲ್ಪ ನೋಡ್ಕೊ."